ಹಾನಗಲ್ಲಿಗೆ ಕಾಣದ ಶ್ರದ್ಧಾಂಜಲಿ

"ಈಗ ಹಾಕ್ರಿ," ಎಂದು ಪಿಎಸ್ಐ ಸುಧಾರಾಣಿ ಫೋನಿನಲ್ಲಿ ಹೇಳಿದಳು.

"ಹಾಕೇನ್ರಿ ಮೇಡಂ," ಎಂದಳು ಅತ್ತ ಸವಣೂರಿನ ಕಂಟ್ರೋಲ್ ರೂಮಿನಲ್ಲಿ ಕುಳಿತಿದ್ದ ದಿಲ್ಶಾದ.

ಆಡೂರಿನ ಕೇಬಲ್ ಖೋಲಿಯಲ್ಲಿದ್ದ ಪುಟ್ಟ ಟೀವಿ ಕಪ್ಪಾಯಿತು. ಅಷ್ಟು ಹೊತ್ತು ಮರ ಸುತ್ತುತ್ತಿದ್ದ ನಾಯಕ, ನಾಯಕಿ, ಮರ ಮೂರೂ ಒಮ್ಮೆಲೇ ಇಲ್ಲವಾದವು.

"ತಗೀರಿ."

ಕುಣಿತ ನಿಂತಲ್ಲಿಂದಲೇ ಶುರುವಾಯಿತು.

"ಇನ್ನೊಮ್ಮೆ ಹಾಕ್ರಿ."

ಮತ್ತೆ ಕಪ್ಪು.

ಬಾಗಿಲಲ್ಲಿ ನಿಂತಿದ್ದ ಹೆಡ್ ಕಾನ್‌ಸ್ಟೇಬಲ್ ಉಳವಪ್ಪ ಬಗ್ಗಿ ಬೂಟಿನ ಲೇಸು ಬಿಚ್ಚತೊಡಗಿದ. ದೇವರಿರಲಿ ದೆವ್ವವಿರಲಿ, ಬೂಟುಗಾಲಲ್ಲಿ ಕೈ ಮುಗಿಯುವವನು ಅವನಲ್ಲ.

"ಸಾಕ್ರಿ ಮೇಡಂ. ಸತ್ತವರನ್ನ ಹಿಂಗ ಕರದು ಕರದು ಕಳಸಬಾರ್ದು. ಅವರಿಗೂ ಸಿಟ್ಟು ಬರ್ತೈತಿ."

"ಬರಲಿ ಉಳವಪ್ಪಣ್ಣ. ಸಿಟ್ಟಿಗೆದ್ದು ಬಂದ್ರ ಕೊಂದವರ ಹೆಸರಾದ್ರೂ ಹೇಳ್ಯಾರು."

ಹಾಗೆಂದಳೇ ಹೊರತು ಸುಧಾರಾಣಿಗೂ ಆ ಖೋಲಿ ಸೇರುತ್ತಿರಲಿಲ್ಲ. ನೆಲದ ಮೇಲಿನ ಕಲೆಯನ್ನು ಎಷ್ಟು ತೊಳೆದರೂ ಹೋಗಿರಲಿಲ್ಲ. ಹೊರಗೆ ನಾಲ್ಕು ದಿನದಿಂದ ಕವಿದ ಮೋಡ ಸುರಿಯಲೂ ಇಲ್ಲ, ಸರಿಯಲೂ ಇಲ್ಲ. ರಸ್ತೆಯಲ್ಲಿ ಒಣಹಾಕಿದ ಗೋವಿನಜೋಳದ ರಾಶಿಯ ಮೇಲೆ ಜನ ತಾಡಪತ್ರಿ ಎಳೆದು ಮೋಡ ನೋಡುತ್ತ ಕುಳಿತಿದ್ದರು.

ಸತ್ತವನು ಚನ್ನೇಶ, ‘ವರದಾ ವಾಹಿನಿ’ ಎಂಬ ಊರ ಚಾನೆಲ್ಲಿನ ಯಜಮಾನ. ಸವಣೂರಿನ ಕಂಟ್ರೋಲ್ ರೂಮಿನಿಂದ ನೆಲದೊಳಗಿನ ಫೈಬರ್ ಎಳೆಗಳ ಮೇಲೆ ಶಿಗ್ಗಾಂವಿಗೊಂದು, ಹಿರೇಕೆರೂರಿಗೊಂದು, ಹಾನಗಲ್ಲಿಗೊಂದು ಲೈನು ಹೋಗುತ್ತಿತ್ತು. ಹಾನಗಲ್ಲಿನದು ಆಡೂರಿನ ಈ ತಗಡಿನ ಖೋಲಿಯನ್ನು ಹಾಯಬೇಕು. ಹೋದ ವಾರ ಒಂದು ಮುಂಜಾನೆ ಇದೇ ಖೋಲಿಯಲ್ಲಿ ಚನ್ನೇಶ ತಲೆಯೊಡೆದ ಹೆಣವಾಗಿ ಸಿಕ್ಕಿದ್ದ.

ಈ ಸೀಮೆಯಲ್ಲಿ ಸಾವು ಪೂರ್ತಿಯಾಗುವುದು ಚಾನೆಲ್ಲಿನಲ್ಲಿ ಶ್ರದ್ಧಾಂಜಲಿ ಕಾರ್ಡು ಬಂದ ಮೇಲೆ. ಮಣ್ಣಿಗೆ ಎಷ್ಟೊತ್ತಿಗೆ ಎಂದು ಕೇಳುವ ಮುಂಚೆ "ಕಾರ್ಡು ಬಂತೇನು?" ಎನ್ನುತ್ತಾರೆ. ಆಯಾ ಊರಿನ ಲೈನಿಗೆ ಆಯಾ ಊರಿನ ಸತ್ತವರು. ಮೇಲರ್ಧ ನೇರಳೆ, ಕೆಳಗರ್ಧ ಬೂದಿ ಬಣ್ಣ, ನಡುವೆ ಫೋಟೋ, ಅಡಿಯಲ್ಲಿ ತಾರೀಖು. ಸತ್ತವರು ಹೊಲ ಇದ್ದವರೋ ಇಲ್ಲದವರೋ, ಕಾರ್ಡು ಮಾತ್ರ ಎಲ್ಲರಿಗೂ ಒಂದೇ.

ಯಜಮಾನನೇ ಸತ್ತಾಗ ಕಾರ್ಡು ಎಲ್ಲ ಲೈನಿನಲ್ಲೂ ಹೋಯಿತು. ಸವಣೂರಿನಲ್ಲಿ ಕಂಡಿತು, ಶಿಗ್ಗಾಂವಿಯಲ್ಲಿ ಕಂಡಿತು, ಹಿರೇಕೆರೂರಿನಲ್ಲೂ ಕಂಡಿತು. ಹಾನಗಲ್ಲಿನಲ್ಲಿ ಮಾತ್ರ ಕಾರ್ಡು ಬರುವ ಹೊತ್ತಿಗೆ ಸರಿಯಾಗಿ ಟೀವಿ ಕಪ್ಪಾಗುತ್ತದೆ, ಕಾರ್ಡು ಹೋದೊಡನೆ ಬೆಳಗುತ್ತದೆ. ಊರ ಬಾಯಿಗೆ ಬೀಗ ಹಾಕುವವರುಂಟೇ? ಕೊಂದವನು ಹಾನಗಲ್ಲಿನವನೇ, ಅದಕ್ಕೇ ಚನ್ನೇಶ ಈ ಊರಿಗೆ ಮುಖ ತೋರಿಸಲು ಒಲ್ಲೆ ಅಂತಾನೆ ಎಂದು ಕಟ್ಟೆಕಟ್ಟೆಯ ಮೇಲೂ ತೀರ್ಪಾಗಿತ್ತು.

ತೀರ್ಪಿಗೆ ತಕ್ಕ ಆರೋಪಿಯೂ ಲಾಕಪ್ಪಿನಲ್ಲಿದ್ದ. ಹಾನಗಲ್ಲಿನ ಆಸೀಮ, ವಾಹಿನಿಯ ಟೆಕ್ನಿಶಿಯನ್. ಖೋಲಿಯ ಕೀಲಿ ಇದ್ದದ್ದು ಚನ್ನೇಶನನ್ನು ಬಿಟ್ಟರೆ ಅವನ ಹತ್ತಿರ. ಬೇರೆ ಚಾನೆಲ್ಲಿಗೆ ಹೋಗುತ್ತೇನೆಂದು ಸವಣೂರಿನ ನಡುಬಜಾರಿನಲ್ಲಿ ಯಜಮಾನನ ಜೊತೆ ಜಗಳಾಡಿದ್ದೂ ಅವನೇ. ಹೆಣ ಸಿಕ್ಕ ಹಿಂದಿನ ಸಂಜೆ ದಿಲ್ಶಾದ ವಾರ್ತೆ ಓದಿ ಮನೆಗೆ ಹೋದ ಮೇಲೆ ಕಂಟ್ರೋಲ್ ರೂಮಿನಲ್ಲಿ ಒಬ್ಬನೇ ಇದ್ದೆ ಎಂದು ಹೇಳುತ್ತಿದ್ದ. ಒಬ್ಬನೇ ಇದ್ದದ್ದಕ್ಕೆ ಸಾಕ್ಷಿ ಎಲ್ಲಿಂದ ಬರಬೇಕು?

ಸುಧಾರಾಣಿ ತಂದಿದ್ದಳು. ಎರಡು ದಿನ ಸವಣೂರಿನ ಓಣಿ ಸುತ್ತಿ, ಕಂಟ್ರೋಲ್ ರೂಮಿನ ಮೆಟ್ಟಿಲಿಗೆ ಎದುರಾಗಿ ಖಾರ ಕರಿದು ಮಾರುವ ಲಾಲಬಿ ಎಂಬ ಮುದುಕಿಯನ್ನು ಹಿಡಿದಿದ್ದಳು. ಹೊತ್ತು ಮುಳುಗುವ ಮೊದಲು ಹತ್ತಿದ ಆಸೀಮ ತಾನು ಅಂಗಡಿ ಮುಚ್ಚುವವರೆಗೂ ಇಳಿಯಲಿಲ್ಲ, ಬೇರೆ ಒಂದು ನರಪಿಳ್ಳೆ ಹತ್ತಲೂ ಇಲ್ಲ ಎಂದು ಮುದುಕಿ ಹೆಬ್ಬೆಟ್ಟು ಒತ್ತಿದ್ದಳು. ಶಿಗ್ಗಾಂವಿಯ ದೊಡ್ಡ ಸಾಹೇಬರು ಅದನ್ನು ಓದಿ, "ಕಡಾಯಿ ನೋಡಾಕಿ ಮೆಟ್ಟಲ ನೋಡ್ತಾಳೇನವಾ? ಗಟ್ಟಿ ಏನರ ತಗೊಂಡ ಬಾ," ಎಂದಿದ್ದರು.

ಕಸ್ಟಡಿ ಇಂದು ಸಂಜೆಗೆ ಮುಗಿಯುತ್ತದೆ. ಅಷ್ಟರಲ್ಲಿ ಗಟ್ಟಿ ಏನಾದರೂ ಸಿಕ್ಕರೆ ಆಸೀಮ ಮನೆಗೆ, ಸಿಗದಿದ್ದರೆ ಜೈಲಿಗೆ. ಜೈಲಿಗೆ ಹೋದವನ ಕೇಸನ್ನು ಮತ್ತೆ ತೆರೆದು ನೋಡುವ ಪುರುಸೊತ್ತು ಯಾರಿಗೂ ಇರುವುದಿಲ್ಲ ಎಂದು ಸುಧಾರಾಣಿಗೆ ಚೆನ್ನಾಗಿ ಗೊತ್ತಿತ್ತು. ಠಾಣೆಯ ಮುಂದಿನ ಬೇವಿನ ಕಟ್ಟೆಯ ಮೇಲೆ ಅವನ ತಂಗಿ ಇರಮ ದಿನಾ ಬುತ್ತಿಡಬ್ಬಿ ಹಿಡಿದು ಕೂರುತ್ತಿದ್ದಳು. "ಭಾಯಿ ಕಂಟ್ರೋಲ್ ರೂಮಿನ್ಯಾಗ ಇದ್ದ ಅಂತ ನಂಬ್ರಿ ಮೇಡಂ," ಎಂಬ ಒಂದೇ ಮಾತು. ಆ ಹುಡುಗಿಯನ್ನು ದಾಟಿ ಒಳಗೆ ಹೋಗುವಾಗಲೆಲ್ಲ ಸುಧಾರಾಣಿ ಹೆಜ್ಜೆ ಚುರುಕು ಮಾಡುತ್ತಿದ್ದಳು.

"ದಿಲ್ಶಾದ," ಎಂದಳು ಈಗ ಫೋನಿನಲ್ಲಿ, "ಕಾರ್ಡಿನ್ಯಾಗಿಂದ ಚನ್ನೇಶ ಅವರ ಫೋಟೋ ತಗದು, ಹೆಸರೂ ತಗದು, ಬರೇ ಬಣ್ಣ ಇಡಾಕ ಬರ್ತೈತೇನು?"

"ಬರ್ತೈತ್ರಿ. ಆದ್ರ ಬರೇ ಬಣ್ಣ ಯಾಕ್ರಿ?"

"ಇಡವಾ. ಆಮ್ಯಾಲ ಹೇಳ್ತೇನಿ."

ಸ್ವಲ್ಪ ಹೊತ್ತು ಹಾಡು ನಡೆಯಿತು. ಆಮೇಲೆ ಟೀವಿ ಕಪ್ಪಾಯಿತು.

"ಇಟ್ಟೇನ್ರಿ ಮೇಡಂ."

"ಈಗ ಉಲ್ಟಾ ಮಾಡು. ಫೋಟೋ ಇರಲಿ, ಹೆಸರಿರಲಿ. ಬಣ್ಣ ಬದಲ ಮಾಡು. ಹಳದಿ ಹಾಕು."

ಉಳವಪ್ಪ ಕೈ ಮುಗಿದೇ ನಿಂತಿದ್ದ. ಟೀವಿ ಒಮ್ಮೆ ಮಿಟುಕಿತು. ಹಳದಿಯ ನಡುವೆ, ಹಲ್ಲು ಕಾಣುವಂತೆ ನಗುತ್ತ, ಕೂದಲಿಗೆ ಕಪ್ಪು ಹಚ್ಚಿದ ಚನ್ನೇಶ ಬಂದು ನಿಂತ. ಸತ್ತ ಮೇಲೆ ಮೊದಲ ಸಲ ಅವನು ಹಾನಗಲ್ಲಿನ ಲೈನಿಗೆ ಮುಖ ತೋರಿಸಿದ್ದ.

"ಬಂದ್ರು," ಎಂದ ಉಳವಪ್ಪ. ಅವನ ಕಣ್ಣಲ್ಲಿ ನೀರಿತ್ತು. ಪರಿಚಯದ ಮನುಷ್ಯ, ಊರ ಹಬ್ಬಗಳಲ್ಲೆಲ್ಲ ಕ್ಯಾಮೆರಾ ಹೊತ್ತು ಹೆಗಲಿಗೆ ಹೆಗಲು ತಾಗಿಸಿದವನು.

"ದೆವ್ವ ಅಲ್ಲ ಉಳವಪ್ಪಣ್ಣ. ಬಣ್ಣ. ಈ ಪೆಟ್ಟಿಗಿಗೆ ನೇರಳಿನೂ ಬೂದಿನೂ ಹಿಡಸವಲ್ವು."

ಗೋಡೆಗೆ ಜಡಿದ ಕಬ್ಬಿಣದ ಪೆಟ್ಟಿಗೆಯ ಮುಂದೆ ಅವಳು ಕುಕ್ಕರಗಾಲಲ್ಲಿ ಕುಳಿತಳು. ಅದರ ಬಾಯಲ್ಲಿ ಬೆರಳುದ್ದದ ಒಂದು ಲೋಹದ ತುಂಡು ಸಿಕ್ಕಿಸಿತ್ತು. ಸವಣೂರಿನಿಂದ ಗಾಜಿನ ಎಳೆಯಲ್ಲಿ ಬೆಳಕಾಗಿ ಬರುವ ಚಿತ್ರವನ್ನು ಹಿಡಿದು ಕರೆಂಟಾಗಿಸಿ ಪೆಟ್ಟಿಗೆಗೆ ಕೊಡುವ ಮಾಡ್ಯೂಲು ಅದು. ಅದರ ಫೋಟೋವನ್ನು ಅವಳು ಹುಬ್ಬಳ್ಳಿಯಲ್ಲಿ ಇಂಥ ಸಾಮಾನು ಪೂರೈಸುವ ವ್ಯಾಪಾರಿಗೆ ಆಗಲೇ ಕಳಿಸಿದ್ದಳು. ಅವನ ಫೋನು ಬಂತು.

"ಮೇಡಂ, ಇದು ಡೇಟಾದ್ದು. ಇಂಟರ್ನೆಟ್ ಮಂದಿ ಹಾಕ್ಕೊಳ್ಳೋದು. ವರದಾದವ್ರಿಗೆ ನಾವು ಕೊಟ್ಟದ್ದು ವಿಡಿಯೋದ್ದು. ನೋಡಾಕ ಎರಡೂ ಅವಳಿಜವಳಿ."

"ಡೇಟಾದ್ದು ಹಾಕಿದ್ರ ಚಿತ್ರಾ ಬರ್ತಾವಲ್ಲ? ಬರಾಕತ್ತಾವು."

"ಬರ್ತಾವ್ರಿ, ಅದಕ್ಕ ಮಂದಿ ಮೋಸ ಹೋಗೋದು. ಕುಣಿಯೋ ಚಿತ್ರಾ, ಓಡೋ ಚಿತ್ರಾ ಛಲೋ ಬರ್ತಾವು. ಅಲುಗಾಡದ ಒಂದ ಬಣ್ಣ, ಅದರಾಗೂ ಇಂಥಾ ನೇರಳಿ, ಇಂಥಾ ಬೂದಿ ತುಂಬಿ ಬಂತಂದ್ರ ಜೀವಾ ಬಿಡ್ತೈತಿ. ರಾತ್ರಿ ಬಸ್ಸಿನ ಡ್ರೈವರ್ ಹಂಗ. ತಗ್ಗುದಿನ್ನಿ ದಾರ್ಯಾಗ ಎಚ್ಚರ ಇರ್ತಾನ, ನೆಟ್ಟನ್ನ ದಾರಿ ಸಿಕ್ತಂದ್ರ ತೂಕಡಸ್ತಾನ. ವಿಡಿಯೋದ್ದನ್ನ ತೂಕಡಸದಂಗ ಮಾಡಿರ್ತಾರ."

"ಆಸೀಮಗ ಇದು ಗೊತ್ತಿರ್ತೈತೇನು?"

"ಗೊತ್ತಿಲ್ದ ಏನ್ರಿ! ಅವನ ನಮ್ಮಲ್ಲಿ ಬಂದು ಕಲತು ಹೋಗ್ಯಾನ. ಹಾ, ಮೇಡಂ, ತಗಿಯೂವಾಗ ಅದರ ಬಾಯಾಗ ಕಣ್ಣಿಟ್ಟು ನೋಡಬ್ಯಾಡ್ರಿ. ಕಣ್ಣ ಹೋದಾವು."

ಫೋನಿಟ್ಟು ಸುಧಾರಾಣಿ ಒಂದು ಲವಂಗ ಬಾಯಿಗೆಸೆದುಕೊಂಡಳು. ಸಿಗರೇಟು ಸೇದುವ ಗಂಡಸರ ನಡುವೆ ಕೆಲಸ ಮಾಡಿ ಅವಳಿಗೆ ಹತ್ತಿದ ಚಟ ಇದೊಂದೇ.

"ಉಳವಪ್ಪಣ್ಣ, ಇದಕ್ಕೂ ಮೊದಲ ಹಾನಗಲ್ಲಾಗ ಯಾರದರ ಕಾರ್ಡು ಕಂಡಿತ್ತೇನು?"

"ನಮ್ಮ ಓಣಿ ಅನ್ನವ್ವಜ್ಜಿದು ಕಂಡಿತ್ತಲ್ರಿ. ಚನ್ನೇಶ ಅವರು ಸಾಯೋ ಹಿಂದಿನ ದಿನಾನ. ನಾನ ನೋಡೇನಿ. ಇದ ನೇರಳಿ, ಇದ ಬೂದಿ."

"ಹೆಣ ಸಿಕ್ಕ ಮ್ಯಾಲ ಈ ಖೋಲಿಗೆ ನಾವ ಬೀಗ ಜಡದೇವಿ. ಅಂದ್ರ ಆ ಸಂಜಿನ ಬದಲಿ ಆಗೈತಿ."

ಉಳವಪ್ಪ ಬೂಟು ಹಾಕಿಕೊಳ್ಳುತ್ತ ತಲೆಯೆತ್ತಿದ. "ಆ ಸಂಜಿಮುಂದ ಟೀವಿ ನಿಂತಿತ್ತು ಮೇಡಂ. ಹಾಡು ನಡದಿದ್ವು, ಗಪ್ ಅಂತ ಹೋದ್ವು. ಬಿಲ್ ಕಟ್ಟಿಲ್ಲೇನು ಅಂತ ಮನ್ಯಾಗ ನನಗ ಮಂಗಳಾರತಿ ಆತು. ಆಮ್ಯಾಲ ತಾನ ಬಂತು."

ಸುಧಾರಾಣಿ ಎದ್ದು ನಿಂತಳು. ಈಗ ಎಲ್ಲವೂ ಸಾಲಾಗಿ ಕಾಣುತ್ತಿತ್ತು. ಜಗ್ಗಾಟದಲ್ಲಿ ಮಾಡ್ಯೂಲು ಕಿತ್ತು ಬಂದಿದೆ, ಇಲ್ಲವೇ ಮುರಿದಿದೆ. ಟೀವಿ ನಿಂತರೆ ಹಾನಗಲ್ಲು ಸುಮ್ಮನಿರುವ ಊರಲ್ಲ. ಫೋನಿನ ಮೇಲೆ ಫೋನು ಬಂದು, ಆಸೀಮ ಓಡಿಬಂದು, ರಕ್ತ ಆರುವ ಮುಂಚೆಯೇ ಹೆಣ ಸಿಗುತ್ತಿತ್ತು. ಕೊಂದವರಿಗೆ ಸಮಯ ಬೇಕಿತ್ತು. ಅದಕ್ಕೆ ಕಿಸೆಯಲ್ಲಿದ್ದ ಇಂಟರ್ನೆಟ್ಟಿನ ಮಾಡ್ಯೂಲನ್ನೇ ತುರುಕಿ ಹಾಡು ಹಚ್ಚಿಕೊಟ್ಟು ಹೋಗಿದ್ದಾರೆ. ಹಾಡು ಕುಣಿಯಿತು, ಹೆಣ ಬೆಳಗಿನವರೆಗೆ ಒಂಟಿಯಾಗಿ ಬಿದ್ದುಕೊಂಡಿತು.

ಗೂಡಿನಲ್ಲಿದ್ದ ಡಬ್ಬಿ ತೆಗೆದು ನೋಡಿದಳು. ಆಸೀಮ ಆಪತ್ತಿಗೆಂದು ಇಟ್ಟಿದ್ದ ಹೊಸ ವಿಡಿಯೋ ಮಾಡ್ಯೂಲು ರಬ್ಬರಿನ ಟೊಪ್ಪಿಗೆ ತೆಗೆಯದೆ ಹಾಗೆಯೇ ಇತ್ತು. ಕೈಯಳತೆಯಲ್ಲಿ ಸರಿಯಾದದ್ದು ಇರುವಾಗ ತಪ್ಪಾದದ್ದನ್ನು ಆಸೀಮ ಏಕೆ ಹಾಕುತ್ತಾನೆ? ಹಾಕಿದವರಿಗೆ ಇಂಟರ್ನೆಟ್ಟು ಗೊತ್ತು, ಟೀವಿ ಗೊತ್ತಿಲ್ಲ.

ಗಟ್ಟಿ ಬೇಕು ಎಂದಿದ್ದರಲ್ಲ ಸಾಹೇಬರು, ಇದಕ್ಕಿಂತ ಗಟ್ಟಿ ಯಾವುದು? ವಾರದಲ್ಲಿ ಮೊದಲ ಸಲ ಅವಳಿಗೆ ಹಸಿವಾಯಿತು.

ಇಬ್ಬರು ಪಂಚರ ಎದುರಿಗೆ ಮಾಡ್ಯೂಲನ್ನು ಹೊರಗೆಳೆದಾಗ ಅದರ ಬೆನ್ನ ಮೇಲೆ ಒಂದು ಕೆಂಪು ಚುಕ್ಕೆ ಕಂಡಿತು. ಉಗುರುಬಣ್ಣದ್ದು.

* * *

ಹಾನಗಲ್ಲಿನಲ್ಲಿ ಇಂಟರ್ನೆಟ್ಟು ಎಂದರೆ ಶರಣು. ಬಸ್‌ಸ್ಟ್ಯಾಂಡಿನ ಹತ್ತಿರ ಅವನ ಆಫೀಸು. ಚನ್ನೇಶನ ಹೆಂಡತಿಯ ಅಣ್ಣ. ಚನ್ನೇಶನ ಫೈಬರಿನ ಮೇಲೆ ತನ್ನ ಇಂಟರ್ನೆಟ್ಟನ್ನೂ ಹಾಯಿಸಲು ಕೇಳಿ, ಅವನಿಂದ ಸೊಟ್ಟ ಮಾತು ಕೇಳಿಸಿಕೊಂಡು, ಎರಡು ವರ್ಷದಿಂದ ತಂಗಿಯ ಮನೆ ಮೆಟ್ಟಿಲು ತುಳಿಯದವನು.

"ಬರ್ರಿ ಮೇಡಂ, ಕುಂತ್ರಿ. ಚಾ ತರಸ್ಲಿ?"

"ಚಾ ಬ್ಯಾಡ." ಸುಧಾರಾಣಿ ಪಾರದರ್ಶಕ ಚೀಲದಲ್ಲಿದ್ದ ಮಾಡ್ಯೂಲನ್ನು ಮೇಜಿನ ಮೇಲಿಟ್ಟಳು. "ಇದು ನಿಮ್ಮದೇನು?"

ಶರಣು ಮುಟ್ಟಲಿಲ್ಲ. ಕನ್ನಡಕ ಏರಿಸಿ ಬಗ್ಗಿ ನೋಡಿದ. "ಎಲ್ಲಿ ಸಿಕ್ತು?"

"ಕೇಳಿದ್ದು ನಾನು."

"ಇಂಥಾವು ನೂರಾರು ಇರ್ತಾವ್ರಿ ಊರಾಗ."

"ನಿಮ್ಮ ಬೆನ್ನ ಹಿಂದಿನ ಕಪಾಟಿನ್ಯಾಗೂ ಅದಾವು. ಎಲ್ಲಾದಕ್ಕೂ ಕೆಂಪು ಚುಕ್ಕಿ. ಇಲ್ಲಿಂದನ ಕಾಣಾಕತ್ತಾವು."

ಶರಣು ಹಿಂತಿರುಗಿ ನೋಡಲಿಲ್ಲ. ಕುರ್ಚಿಗೆ ಒರಗಿದ. ಮುಖದ ಮೇಲಿನ ಅಂಗಡಿಯ ನಗೆ ಹೋಗಿತ್ತು.

"ನಂದ. ಏನೀಗ?"

"ಆಡೂರ ಖೋಲ್ಯಾಗ ಸಿಕ್ಕೈತಿ. ನಿಮ್ಮ ತಂಗಿ ಗಂಡನ ಹೆಣ ಬಿದ್ದ ಜಾಗಾದಿಂದ ಒಂದ ಮೊಳ ಮ್ಯಾಲ."

"ಅಂದ್ರ ನಾ ಕೊಂದೇನಿ ಅಂತೀರಿ."

"ನೀವ ಹೇಳ್ರಿ."

"ಹೇಳ್ತೇನಿ ಕೇಳ್ರಿ." ಅವನ ದನಿ ಏರಿತು. "ಚನ್ನೇಶ ನನಗ ಬೀಗರ ಮನಿಯೊಳಗ, ಮಂದಿ ಮುಂದ, ಗಂಟಲದಾಗ ಅನ್ನ ಇಳೀದಂಗ ಮಾತಾಡಿದ. ನಾ ಅವನ್ನ ಬೈದೇನಿ, ಶಾಪಾ ಹಾಕೇನಿ. ಆದ್ರ ನನ್ನ ತಂಗಿ ಕೊಳ್ಳಾಗಿನ ತಾಳಿ ನಾನ ಹರೀಲೇನ್ರಿ? ಆ ಸಂಜಿ ನಾ ಹಿರೇಕೆರೂರಾಗಿದ್ದೆ. ನಮ್ಮ ಮಂದಿದು ನಿಶ್ಚಯ. ವೀಳ್ಯೆ ಹಿಡಕೊಂಡು ನಡುವ ಕುಂತಾಂವ ನಾನ. ನಿಮ್ಮ ಊರ ಅಲ್ಲೇನು ಹಿರೇಕೆರೂರು, ನಿಮ್ಮ ಮಂದೀನ್ನ ಕೇಳ್ರಿ."

ಅವಳು ಕೇಳಿಯೇ ಬಂದಿದ್ದಳು. ಅವನು ಹೇಳಿದ್ದು ನಿಜವಿತ್ತು. ತಂಗಿಯ ಮಾತು ಬಂದಾಗ ಅವನು ಕನ್ನಡಕ ತೆಗೆದು ಒರೆಸಿದ್ದೂ ನಾಟಕದಂತೆ ಕಾಣಲಿಲ್ಲ.

"ಹಂಗಾದ್ರ ನಿಮ್ಮ ಕಪಾಟಿಂದ ಅಲ್ಲೀತನಕಾ ಒಯ್ದವರ್ಯಾರು?"

ಶರಣು ಮೇಜಿನ ಮೇಲಿದ್ದ ಬಾಟಲಿಯಿಂದ ಎರಡು ಗುಟುಕು ನೀರು ಕುಡಿದ. ಮುಚ್ಚಳ ತಿರುವಿದ, ಮತ್ತೆ ಬಿಚ್ಚಿದ.

"ಬಿಡ್ರಿ ಮೇಡಂ. ಯಾರೋ ಕದ್ದಿರಬೇಕು."

"ಶರಣು ಅವರ, ಸಂಜಿಗೆ ಒಬ್ಬಾಂವ ಜೈಲಿಗೆ ಹೊಂಟಾನ. ನನ್ನ ಲೆಕ್ಕದಾಗ ಅವನು ಕೊಂದಿಲ್ಲ. ನೀವು ಬಾಯಿ ಮುಚ್ಚಿದ್ರ ಆ ಪಾಪ ನಿಮ್ಮ ಮನಿ ಹೊಸಲಿಗೆ ಬರ್ತೈತಿ."

"ಬಾಯಿ ಬಿಟ್ರೂ ಬರ್ತೈತ್ರಿ," ಎಂದ ಶರಣು ಮೆಲ್ಲಗೆ. "ಆ ಚುಕ್ಕಿ ನಾ ಹಚ್ಚಿದ್ದಲ್ಲ. ನಮ್ಮಲ್ಲಿ ಒಂದು ಹುಡುಗಿ ಕೆಲಸಕ್ಕ ಐತಿ. ಒಂದೊಂದನೂ ತಾನ ಚೆಕ್ ಮಾಡಿ, ಛಲೋ ಇದ್ದದ್ದಕ್ಕ ತನ್ನ ಉಗುರುಬಣ್ಣದ ಚುಕ್ಕಿ ಇಡ್ತಾಳ. ಆಡೂರು, ಹಿರೇಬೆಂಡಿಗೇರಿ ಕಡೆ ಕನೆಕ್ಷನ್ ಆಕೀದ. ಚಿನ್ನದಂಥಾ ಹುಡುಗಿ. ನನ್ನ ಮಗಳ ವಯಸ್ಸು."

"ಹೆಸರು?"

"ನಿಮ್ಮ ಠಾಣೆ ಮುಂದ ವಾರದಿಂದ ಕುಂತಾಳಲ್ಲ ಮೇಡಂ. ರಜಾ ತಗೊಂಡು ಕುಂತಾಳ. ಇರಮ."

ಸುಧಾರಾಣಿ ಚೀಲವನ್ನು ಎತ್ತಿಕೊಂಡಳು. ದಿನಾ ದಾಟಿಹೋದ ಹುಡುಗಿಯನ್ನು ನೀನೇನು ಕೆಲಸ ಮಾಡುತ್ತೀಯವ್ವ ಎಂದು ಒಂದು ಮಾತು ಕೇಳಿರಲಿಲ್ಲ. ಬುತ್ತಿ ಹಿಡಿದು ಕೂತವಳು ಬರೀ ತಂಗಿ ಎಂದುಕೊಂಡಿದ್ದಳು. ಖೋಲಿಯ ಕೀಲಿ ಆಸೀಮನ ಮನೆಯಲ್ಲಿ ಮೊಳೆಗೆ ನೇತಾಡುತ್ತಿತ್ತು ಎಂಬುದು ಈಗ ನೆನಪಾಯಿತು.

* * *

ಜೀಪು ಠಾಣೆಯ ಮುಂದೆ ನಿಂತಾಗ ಇರಮ ಕಟ್ಟೆಯಿಂದ ಎದ್ದು ನಿಂತಳು. ಸುಧಾರಾಣಿ ಅವಳ ಕಡೆ ನೋಡದೆ ಒಳಗೆ ಹೋದಳು. ಮೊದಲು ಅಣ್ಣ, ಆಮೇಲೆ ತಂಗಿ ಎಂದು ದಾರಿಯುದ್ದಕ್ಕೂ ಮನಸ್ಸು ಗಟ್ಟಿ ಮಾಡಿಕೊಂಡು ಬಂದಿದ್ದಳು.

ಆಸೀಮ ಲಾಕಪ್ಪಿನ ಗೋಡೆಗೆ ಒರಗಿ ಕುಳಿತಿದ್ದ. ಗಡ್ಡ ಬೆಳೆದಿತ್ತು. ವಾರದ ಹಿಂದೆ ಕಂಬ ಹತ್ತಿ ಇಳಿಯುತ್ತಿದ್ದ ಆಳು ಈಗ ಕುಳಿತಲ್ಲಿಂದ ಏಳಲು ಗೋಡೆ ಹಿಡಿದ.

"ಆಸೀಮ, ಆಡೂರ ಪೆಟ್ಟಿಗ್ಯಾಗ ಇದ್ದದ್ದು ನಿನ್ನ ವಿಡಿಯೋ ಮಾಡ್ಯೂಲ್ ಅಲ್ಲ. ಯಾರೋ ಇಂಟ‌ರ್ನೆಟ್ಟಿಂದು ತುರುಕ್ಯಾರ."

ಅವನ ಕಣ್ಣು ಅಗಲವಾದವು. "ಅದಕ್ಕ ಕಾರ್ಡು ಕಪ್ಪಾಗ್ತಿತ್ತೇನ್ರಿ! ನಾ ಇಲ್ಲಿ ಕುಂತು ತಲಿ ಕೆಡಿಸ್ಕೊಂಡೇನಿ, ಹಾನಗಲ್ಲಿಗಷ್ಟ ಯಾಕ ಅಂತ." ನಕ್ಕೇಬಿಟ್ಟ. "ಯಾ ಅಲ್ಲಾ! ನಾ ಆದ್ರ ಅದನ್ನ ಯಾಕ ಹಾಕ್ಲಿ ಮೇಡಂ? ಡಬ್ಬ್ಯಾಗ ಹೊಸಾದು ಇಟ್ಟೇನಲ್ಲ. ಹಾಕಿದಾಂವ ಯಾವನೋ ಶುದ್ಧ ಬೆಪ್ಪ."

"ಅದನ್ನ ನಾನೂ ಬರೀಬೇಕಂತ ಮಾಡೇನಿ," ಎನ್ನುತ್ತ ಸುಧಾರಾಣಿ ಚೀಲವನ್ನು ಕಂಬಿಯ ಹತ್ತಿರ ಹಿಡಿದಳು.

ಅವನು ಬಗ್ಗಿ ನೋಡಿದ. ಕೆಂಪು ಚುಕ್ಕೆಯ ಮೇಲೆ ಕಣ್ಣು ನಿಂತಿತು. ನಗೆ ಮುಖದಿಂದ ಇಳಿಯಲು ಬಹಳ ಹೊತ್ತು ಹಿಡಿಯಲಿಲ್ಲ.

"ಅದನ್ನ ನಾನ ಹಾಕೇನಿ," ಎಂದ.

"ಏನಂದಿ?"

"ನಾನ ಹಾಕೇನಿ. ಚನ್ನೇಶ ಅವರನ್ನ ನಾನ ಕೊಂದೇನಿ. ಬರಕೊಳ್ರಿ."

"ಈಗಷ್ಟ ಬೆಪ್ಪ ಅಂದಿ."

"ನಾನ ಆ ಬೆಪ್ಪ. ತಲಿ ಕೆಟ್ಟಿತ್ತು, ಕೈಗೆ ಸಿಕ್ಕಿದ್ದು ಹಾಕಿದೆ. ಸಹಿ ಎಲ್ಲಿ ಮಾಡ್ಲಿ ಹೇಳ್ರಿ."

"ಮತ್ತ ಲಾಲಬಿ? ನೀ ಮೆಟ್ಟಲ ಇಳೀಲಿಲ್ಲ ಅಂತ ಹೆಬ್ಬಟ್ಟ ಒತ್ತ್ಯಾಳಲ್ಲ."

"ಆ ಮುದುಕಿಗೆ ಕಣ್ಣ ಕಾಣಂಗಿಲ್ರಿ." ಅವನು ಕಂಬಿ ಹಿಡಿದುಕೊಂಡ. "ಮೇಡಂ, ನಿಮ್ಮ ಕಾಲ ಬೀಳ್ತೇನಿ. ನೀವು ಯಾರನ್ನೂ ಏನೂ ಕೇಳಬ್ಯಾಡ್ರಿ. ಮುಂದಿನ ತಿಂಗಳ ಬಂಕಾಪುರದಾಗ ಆಕೀದು ನಿಕಾಹ್ ಐತಿ. ಸಾಹೇಬ್ರು ಬರೂದ್ರಾಗ ಬರಕೊಳ್ರಿ."

ಯಾರದು ಎಂದು ಸುಧಾರಾಣಿ ಕೇಳಲಿಲ್ಲ. ವಾರವಿಡೀ ಬೈದರೂ ಬಡಿದರೂ ನಾನಲ್ಲ ಎಂದವನು, ನೀನಲ್ಲ ಎಂದು ಸಾಬೀತಾದ ಗಳಿಗೆಯಲ್ಲಿ ನಾನೇ ಎನ್ನುತ್ತಿದ್ದ. ತಂಗಿಗಾಗಿ ಕುತ್ತಿಗೆ ಕೊಡುತ್ತಿದ್ದಾನೆ ಎಂದುಕೊಂಡಳು. ಇವನನ್ನು ಉಳಿಸುತ್ತೇನೆ ಎಂದು ಮನಸ್ಸಿನಲ್ಲಿ ಹೇಳಿಕೊಂಡು ಹೊರಗೆ ನಡೆದಳು. ಉಳಿಸಿದರೆ ಆ ಹುಡುಗಿಯನ್ನು ಒಳಗೆ ಹಾಕಬೇಕು ಎಂಬುದನ್ನು ಇನ್ನೂ ಹೇಳಿಕೊಂಡಿರಲಿಲ್ಲ.

ಕಟ್ಟೆಯ ಮೇಲೆ ಅವಳ ಪಕ್ಕದಲ್ಲೇ ಕುಳಿತಳು. ಇರಮ ಸರಿದು ಜಾಗ ಕೊಟ್ಟಳು.

"ಆಡೂರಾಗ ಮಾಡ್ಯೂಲ್ ಬದಲಿ ಮಾಡಿದ್ದು ನೀನ ಏನವಾ?"

ಹುಡುಗಿ ಅಳಲಿಲ್ಲ, ಬೆಚ್ಚಲಿಲ್ಲ. ಯಾವಾಗ ಕೇಳುತ್ತಾರೋ ಎಂದು ಕಾದವಳಂತೆ ತಲೆಯಾಡಿಸಿದಳು.

"ಹೌದ್ರಿ. ಆದ್ರ ನಾ ಹಾಕೂವಾಗ ಚನ್ನೇಶಣ್ಣಾರು ನನ್ನ ಹಿಂದ ಬ್ಯಾಟರಿ ಹಿಡಕೊಂಡು ನಿಂತಿದ್ರು."

"ಜೀವಂತ?"

"ಜೀವಂತ ಇದ್ರು ಮೇಡಂ. ಅವರ ಫೋನ್ ಮಾಡಿ ಕರದಿದ್ರು. ಭಾಯಿಗೆ ಹಚ್ಚಿದ್ರ ಎತ್ತವಲ್ಲ, ನೀ ಆಡೂರಾಗ ಅದೀ ಅಂತಲ್ಲ, ಲಗೂನ ಬಾ ಅಂದ್ರು. ನಾ ಅಲ್ಲೇ ಸಾಲ್ಯಾಗ ಕನೆಕ್ಷನ್ ಕೊಡಾಕ ಬಂದಿದ್ದೆ. ಹೋಗಿ ಹಾಕಿದೆ, ಗಾಡಿ ಹತ್ತಿ ಮನಿಗೆ ಬಂದೆ. ಮುಂಜಾನೆ ನೋಡಿದ್ರ..."

"ವಾರದಿಂದ ಯಾಕ ಹೇಳ್ಲಿಲ್ಲ?"

"ಮೂರಸಂಜಿಗೆ ಒಬ್ಬಾಕಿ ಅಲ್ಲಿ ಹೋಗಿದ್ದೆ ಅಂದ್ರ ಬಂಕಾಪುರದವ್ರು ಏನಂತಾರ್ರಿ? ಭಾಯಿ ಅಲ್ಲಿ ಇರಲೇ ಇಲ್ಲ, ಸುಳ್ಳ ಎಷ್ಟ ದಿನ ನಿಲ್ತೈತಿ, ಬಿಟ್ಟ ಬಿಡ್ತಾರ ಅಂತ ತಿಳಕೊಂಡಿದ್ದೆ." ಈಗ ಅವಳ ಕಣ್ಣು ತುಂಬಿದವು. "ಇವತ್ತ ಕೋರ್ಟಿಗೆ ಒಯ್ತಾರಂತಲ್ಲ. ಈಗ ಹೇಳ್ತೇನಿ. ಎಲ್ಲಿ ಬೇಕಾದ್ರೂ ಹೇಳ್ತೇನಿ."

"ಮೊದಲಿದ್ದ ಮಾಡ್ಯೂಲ್ ಏನಾಗಿತ್ತು?"

"ಅವರ ಕಿತ್ತಿದ್ರು. ಕಿತ್ತ ಜೋರಿಗೆ ಮುರದಿತ್ತು."

"ತನ್ನ ಚಾನೆಲ್ ತಾನ ಯಾಕ ನಿಂದರಸ್ತಾರ?"

ಇರಮ ದುಪಟ್ಟಾದ ಅಂಚಿನಿಂದ ಮೂಗು ಒರೆಸಿಕೊಂಡಳು. "ಭಾಳ ಹೆದರಿದ್ರು ಮೇಡಂ. ಕೇಳಿದ್ದಕ್ಕ ಹೇಳಿದ್ರು. ಟೀವಿ ಮ್ಯಾಲ ಅವರದ ಶ್ರದ್ಧಾಂಜಲಿ ಕಾರ್ಡು ಬಂದಿತ್ತಂತ. ಅವರ ಫೋಟೋ, ಅವರ ಹೆಸರು, ಕೆಳಗ ಅವತ್ತಿಂದ ತಾರೀಖು. ಹಾನಗಲ್ಲ ಲೈನಿಗಷ್ಟ. ‘ಮನ್ಯಾಗ ನಮ್ಮವ್ವ ಟೀವಿ ಮುಂದ ಕುಂತಿರ್ತಾಳ, ನೋಡಿದ್ರ ಎದಿ ಒಡಕೋತಾಳ’ ಅಂತ ಕಂಡ ಕೂಡ್ಲೇ ಕೈ ಹಾಕಿ ಕಿತ್ತಿದ್ರು."

"ನೀ ನೋಡಿದೇನು ಆ ಕಾರ್ಡು?"

"ಇಲ್ರಿ. ನಾ ಹಾಕಿದ ಮ್ಯಾಲ ಮೊದಲ ಟೀವಿ ಬರೇ ಕರ್ರಗಿತ್ತು. ಮಾಡ್ಯೂಲ್ ಕೆಟ್ಟೈತೇನೋ ಅನ್ಕೊಂಡೆ. ಸ್ವಲ್ಪ ಹೊತ್ತಿಗೆ ಹಾಡು ಬಂದ್ವು. ಛಲೋ ಐತಿ ಅಂತ ಬಿಟ್ಟು ಬಂದೆ."

ಆ ಕಪ್ಪು ಏನೆಂದು ಹುಡುಗಿಗೆ ಗೊತ್ತಿರಲಿಲ್ಲ. ಬೆಳಿಗ್ಗೆಯಿಂದ ಅದನ್ನು ಹಾಕಿಸಿ ತೆಗೆಸಿದ ಸುಧಾರಾಣಿಗೆ ಗೊತ್ತಿತ್ತು. ಇರಮ ಮಾಡ್ಯೂಲು ಸಿಕ್ಕಿಸಿದ ಗಳಿಗೆಯಲ್ಲಿ ಎಳೆಯ ಮೇಲೆ ನೇರಳೆ, ಬೂದಿ ಬರುತ್ತಲೇ ಇತ್ತು. ಚನ್ನೇಶ ಬದುಕಿ ನಿಂತಿದ್ದ, ಅವನ ಕಾರ್ಡು ಓಡುತ್ತಿತ್ತು. ಹೊಡೆದ ಕೈ ಯಾರದೇ ಇರಲಿ, ಕಾರ್ಡು ಹಾಕಿದವರಿಗೆ ಆ ಸಾವು ಮೊದಲೇ ಗೊತ್ತಿತ್ತು.

"ಆ ಕಾರ್ಡು ಎಲ್ಲಿಂದ ಬಂದಿರಬೇಕವಾ?" ಎಂದು ಕೇಳಿದಳು. ಉತ್ತರ ಕೇಳುವ ಮನಸ್ಸಿರಲಿಲ್ಲ.

"ಸವಣೂರಿಂದನ ಬರಬೇಕ್ರಿ. ಕಂಟ್ರೋಲ್ ರೂಮಿನ್ಯಾಗ ಕುಂತಾವ್ರು ಹಾಕಿದ್ರ ಬರೂದು, ಬ್ಯಾರೆ ಕಡಿಂದ..."

ಇರಮ ತಿರುಗಿ ಠಾಣೆಯ ಬಾಗಿಲ ಕಡೆ ನೋಡಿದಳು.

ಆ ಹೊತ್ತಿನಲ್ಲಿ ಕಂಟ್ರೋಲ್ ರೂಮಿನಲ್ಲಿ ಒಬ್ಬನೇ ಒಬ್ಬನಿದ್ದ. ಬೇರೆ ಒಂದು ನರಪಿಳ್ಳೆ ಮೆಟ್ಟಿಲು ಹತ್ತಿರಲಿಲ್ಲ. ಎರಡು ದಿನ ಓಣಿ ಸುತ್ತಿ, ಮುದುಕಿಯ ಕೈ ಹಿಡಿದು, ಅದನ್ನು ಹೆಬ್ಬೆಟ್ಟು ಸಮೇತ ಕಾಗದಕ್ಕೆ ಇಳಿಸಿದವಳು ಸುಧಾರಾಣಿಯೇ. ಒಳಗೆ ಕಂಬಿ ಹಿಡಿದು ಕೊಂದೇನಿ ಎಂದವನ ದನಿ ಅವಳಿಗೆ ಮತ್ತೊಮ್ಮೆ ಕೇಳಿಸಿತು. ಈಗ ಅದು ತಂಗಿಗಾಗಿ ಹೇಳಿದ ಸುಳ್ಳಿನಂತೆ ಕೇಳಿಸಲಿಲ್ಲ.

ಶಿಗ್ಗಾಂವಿಯ ಸಾಹೇಬರ ಜೀಪು ಗೇಟಿನೊಳಗೆ ತಿರುಗಿತು. ಉಳವಪ್ಪ ಸೆಲ್ಯೂಟಿಗೆ ಓಡಿದ.

ಇರಮ ಸುಧಾರಾಣಿಯ ಮುಂಗೈಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಳು.

"ಮೇಡಂ," ಎಂದಳು, "ಭಾಯಿ ಅವತ್ತ ಕಂಟ್ರೋಲ್ ರೂಮಿನ್ಯಾಗ ಇರಲಿಲ್ಲ ಅಂತ ಹೇಳ್ರಿ."